ಎರಡು ಕಪ್ಪುಗಳಲ್ಲಿ ಯಾವುದು ಮುಂದೆ?

"ಹೂವು ತೆಗಿ ಮಾರಾಯ್ತಿ. ಹಾಗೇ ಒಳಗೆ ಬರ್ಬೇಡ."

ಮಾಲವಿಕಾಳ ಕಾಲು ಹೊಸ್ತಿಲಲ್ಲೇ ನಿಂತಿತು.

ಬಣಕಲ್ಲಿನ ಬೆಳೆಗಾರರ ಸಂಘದ ಕಟ್ಟಡದಲ್ಲಿ ಕಾಫಿಯ ರುಚಿ ನೋಡುವುದಕ್ಕೆಂದೇ ಒಂದು ಕೋಣೆಯಿದೆ. ಅದರೊಳಗೆ ಸೆಂಟ್ ಇಲ್ಲ, ಪೌಡರ್ ಇಲ್ಲ, ಊದಿನಕಡ್ಡಿ ಇಲ್ಲ, ಮಲ್ಲಿಗೆಯಂತೂ ಇಲ್ಲವೇ ಇಲ್ಲ. ಬೇರೆ ಪರಿಮಳ ಸೇರಿದರೆ ರುಚಿ ನೋಡುವವರ ಮೂಗು ದಾರಿ ತಪ್ಪುತ್ತದೆ. ತೋಟದ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಈ ನಿಯಮ ಮೂಡಿಗೆರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಮಾಲವಿಕಾಳಿಗೆ ಗೊತ್ತಿರಲಿಲ್ಲ. ಕಳಸದ ಅರ್ಚಕರ ಮನೆಯ ಮಗಳು ಅವಳು. ಹೂವು ಮುಡಿಯದೆ ಮನೆಯಿಂದ ಹೊರಟ ದಿನವೇ ಇಲ್ಲ.

ಸಂಘದ ಅಧ್ಯಕ್ಷೆ ಗಿರಿಜಾಂಬಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಒಳಗಿದ್ದ ಬೆಳೆಗಾರರೆಲ್ಲ ತಿರುಗಿ ನೋಡಿದರು. ಮಾಲವಿಕಾಳ ಮುಖ ಕೆಂಪಾಯಿತು. ಕೈ ಜಡೆಯ ಕಡೆಗೆ ಹೋಯಿತು.

"ಇರ್ಲಿ ಬಿಡಿ ಅಮ್ಮ."

ಉದ್ದನೆಯ ಮೇಜಿನ ಆಚೆಯಿಂದ ಬಂದ ದನಿ ಮೆಲ್ಲಗಿತ್ತು. ಚಮಚ ಒರೆಸುತ್ತ ನಿಂತಿದ್ದವನು ಯಶವಂತ, ಗೋಣಿಬೀಡಿನವನು. ಈ ಭಾಗದ ಬೆಳೆಗಾರರು ತಮ್ಮ ಕಾಫಿ ಹೇಗಿದೆ ಎಂದು ತಿಳಿಯಬೇಕಾದರೆ ಮೊದಲು ಹುಡುಕುವುದು ಅವನನ್ನೇ. ಒಂದು ಚಮಚ ಹೀರಿ, ಹಣ್ಣು ಕೊಯ್ಯುವಾಗ ಎಡವಿದ್ದೀರೋ ಒಣಗಿಸುವಾಗ ಎಡವಿದ್ದೀರೋ ಎಂದು ಹೇಳಬಲ್ಲ ಎಂಬ ಹೆಸರು ಅವನಿಗಿತ್ತು.

"ನೀನೇ ಹೀಗಂದ್ರೆ ಹೇಗೋ? ತೊಂದ್ರೆ ಆಗೋದು ನಿನ್ನ ಮೂಗಿಗೆ ಅಲ್ವ?" ಎಂದರು ಗಿರಿಜಾಂಬಾ.

"ನಂಗೇನೂ ತೊಂದ್ರೆ ಇಲ್ಲ." ಅವನು ತಲೆಯೆತ್ತಿ ಒಮ್ಮೆ ಅವಳನ್ನು ನೋಡಿದ. "ಮುಡಿದಿರೋ ಹೂವು ತೆಗೆಸೋದು ಬೇಡ."

ಅಷ್ಟೇ. ಮಾಲವಿಕಾ ತಾನಾಗಿಯೇ ಹೂವು ತೆಗೆದು ಹೊರಗಿನ ಕಿಟಕಿಯ ಮೇಲಿಟ್ಟು ಬಂದಳು. ಆದರೆ ಆ ಮಾತನ್ನು ಮಾತ್ರ ಹೊರಗಿಡಲಾಗಲಿಲ್ಲ.

'ಇಷ್ಟು ಜನರ ಮುಂದೆ ನನ್ನ ಮಾನ ಉಳಿಸೋಕೆ ತನ್ನ ಕೆಲಸದ ನಿಯಮವನ್ನೇ ಬಿಟ್ಟುಕೊಟ್ಟನಲ್ಲ...'

ಹುಡುಗಿಯರು ಪ್ರೀತಿಯಲ್ಲಿ ಬೀಳುವುದಕ್ಕೆ ಇದಕ್ಕಿಂತ ಸಣ್ಣ ಕಾರಣಗಳೂ ಸಾಕಾಗಿವೆ. ಅವಳನ್ನು ಯಾರು ತಾನೇ ದೂರಬೇಕು?

ಅವಳನ್ನು ಸಂಘ ಕರೆಸಿದ್ದಕ್ಕೆ ಕಾರಣವಿತ್ತು. ಹೊರಗಿನ ದೊಡ್ಡ ವ್ಯಾಪಾರಿಯೊಬ್ಬರು ಈ ಗುಡ್ಡಗಳ ಅತಿ ಒಳ್ಳೆಯ ಕಾಫಿಯನ್ನು ಬೆಳೆದವರ ಹೆಸರಿನಲ್ಲೇ ಕೊಳ್ಳುತ್ತೇವೆ ಎಂದಿದ್ದರು. ಆರಿಸಿ ಕೊಡುವ ಹೊಣೆ ಸಂಘದ್ದು. ಹಿಂದಿನ ವರ್ಷವೂ ಒಂದು ಸ್ಪರ್ಧೆ ನಡೆದು, ತೀರ್ಪುಗಾರರು ಕೊಟ್ಟ ಅಂಕಗಳ ಮೇಲೆ ಜಗಳವಾಗಿ, ಎರಡು ಮನೆಗಳ ನಡುವೆ ಮಾತು ನಿಂತಿತ್ತು.

"ಒಬ್ಬರ ಎಂಬತ್ತು ಇನ್ನೊಬ್ಬರ ಎಪ್ಪತ್ತು. ಎಂತ ಮಾಡೋದು?" ಎಂದರು ಗಿರಿಜಾಂಬಾ. "ನಿನ್ನ ಕಂಪ್ಯೂಟರಿಗೆ ಹಾಕಿ ಸರಿ ಮಾಡು."

"ಕಂಪ್ಯೂಟರೇ ಬೇಡ ಅಮ್ಮ. ಅದು ಕೆಲಸ ಮಾಡೋ ರೀತಿ ಮಾತ್ರ ಸಾಕು. ಅಂಕ ಯಾರೂ ಕೊಡೋದು ಬೇಡ. ಎರಡು ಕಪ್ಪು ಮುಂದಿಡ್ತೀನಿ. ಎರಡರಲ್ಲಿ ಯಾವುದು ಮುಂದೆ, ಅಷ್ಟು ಹೇಳಿದ್ರೆ ಸಾಕು."

"ಇಷ್ಟೊಂದು ಸ್ಯಾಂಪಲ್ ಇದಾವೆ. ಪ್ರತಿಯೊಂದನ್ನೂ ಪ್ರತಿಯೊಂದರ ಜೊತೆ ಹೋಲಿಸ್ತಾ ಕೂತ್ರೆ ಇವನ ನಾಲಿಗೆ ಉಳಿಯುತ್ತಾ?" ಎಂದು ಕೇಳಿದವರು ಬಾಳೂರಿನ ರುದ್ರಪ್ಪ. ಸಣ್ಣ ತೋಟ ಅವರದು.

"ಪ್ರತಿಯೊಂದನ್ನೂ ಹೋಲಿಸೋದು ಬೇಕಿಲ್ಲ. ಅದನ್ನ ತಪ್ಪಿಸೋದೇ ಈ ವಿದ್ಯೆ."

ಅವಳು ಖಾಲಿ ಕಪ್ಪುಗಳನ್ನು ಮೇಜಿನ ಮೇಲೆ ಸಣ್ಣ ಸಣ್ಣ ಗುಂಪುಗಳಾಗಿ ಇಟ್ಟಳು. ಮೊದಲು ಪ್ರತಿ ಗುಂಪಿನೊಳಗೆ ಒಳ್ಳೆಯದು ಮುಂದೆ, ಕಡಿಮೆಯದು ಅದರ ಹಿಂದೆ. ಆಮೇಲೆ ಎರಡು ಗುಂಪುಗಳನ್ನು ಒಂದು ಸಾಲಾಗಿ ಸೇರಿಸುವುದು.

"ಸೇರಿಸುವಾಗ ಎರಡೂ ಸಾಲಿನ ಮುಂದಿನ ಕಪ್ಪು ಮಾತ್ರ ನೋಡಿ. ಯಾವುದು ಮೇಲೋ ಅದು ಹೊಸ ಸಾಲಿಗೆ ಹೋಗುತ್ತೆ. ಅದರ ಹಿಂದಿದ್ದದ್ದು ಮುಂದೆ ಬರುತ್ತೆ. ಮತ್ತೆ ಎರಡೇ ಕಪ್ಪು. ಹಿಂದೆ ನಿಂತವನ್ನ ಕೇಳೋದೇ ಬೇಡ, ಅವು ತಮ್ಮ ಮುಂದಿನವಕ್ಕೆ ಆಗ್ಲೇ ಸೋತಿದಾವೆ."

ಯಶವಂತ ಮೇಜಿನ ಮೇಲೆ ಬಾಗಿ ನೋಡುತ್ತಿದ್ದ. "ಹಾಗಾದ್ರೆ ಯಂತ್ರಕ್ಕೂ ಒಂದು ಸಲಕ್ಕೆ ಎರಡೇ ಕಾಣೋದಾ?"

"ಎರಡೇ. ಅದಕ್ಕೆ ಇಡೀ ಸಾಲು ಕಾಣಲ್ಲ. ಆದರೂ ಕೊನೆಗೆ ಇಡೀ ಸಾಲು ಸರಿಯಾಗುತ್ತೆ."

"ಹೇಳೋನು ಸರಿಯಾಗಿ ಹೇಳಿದ್ರೆ," ಎಂದ ಅವನು.

ಅವಳು ನಕ್ಕಳು. ಅವನು ನಗಲಿಲ್ಲ.

ಕಾಲೇಜು ಮುಗಿಸಿ ಬಸ್ಸಿನಲ್ಲಿ ಬಣಕಲ್ಲಿಗೆ ಬರುವುದು ಅವಳಿಗೆ ರೂಢಿಯಾಯಿತು. ಯಾವ ಕಪ್ಪು ಯಾರ ತೋಟದ್ದು ಎಂದು ಗೊತ್ತಿದ್ದದ್ದು ಗಿರಿಜಾಂಬಾ ಅವರಿಗೆ ಮಾತ್ರ. ಪುಡಿಗೆ ಬಿಸಿನೀರು ಸುರಿದು, ಮೇಲೆ ತೇಲಿ ಕಟ್ಟಿದ ಪುಡಿಯ ಕೆನೆಯನ್ನು ಚಮಚದಲ್ಲಿ ಒಡೆದು, ಯಶವಂತ ಕಪ್ಪಿನ ಮೇಲೆ ಮುಖ ಬಾಗಿಸುತ್ತಿದ್ದ. ಸುರ್ರೆಂದು ಹೀರಿ ಪಕ್ಕದ ಡಬ್ಬಿಗೆ ಉಗುಳುತ್ತಿದ್ದ. ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುತ್ತಿದ್ದ. "ಎಡಗಡೆದು," ಎನ್ನುತ್ತಿದ್ದ. ಅವಳು ಕಪ್ಪು ಸರಿಸುತ್ತಿದ್ದಳು.

ಆ ಮುಚ್ಚಿದ ಕಣ್ಣುಗಳನ್ನು ನೋಡುತ್ತ ನಿಲ್ಲುವುದು ಮಾಲವಿಕಾಳಿಗೆ ಎಷ್ಟು ಇಷ್ಟವಾಗಿತ್ತೆಂದರೆ, ಕೆಲವು ಸಲ ಎಡ ಯಾವುದು ಬಲ ಯಾವುದು ಎಂದೇ ಮರೆಯುತ್ತಿದ್ದಳು.

"ಮೇಡಂ, ಎಡಗಡೆದು ಅಂದೆ."

"ಹಾಂ... ಕೇಳಿಸ್ತು."

ಅವನೂ ಅವಳಿಗಾಗಿ ಕಾಯುತ್ತಿದ್ದ. ಬಸ್ಸು ತಡವಾದ ದಿನ ರಸ್ತೆಯವರೆಗೆ ಬಂದು ನಿಂತಿರುತ್ತಿದ್ದ. ಏನೋ ಹೇಳಲು ಬಾಯಿ ತೆರೆಯುತ್ತಿದ್ದ, ಆಮೇಲೆ ಬೇರೆಯದೇ ಹೇಳುತ್ತಿದ್ದ. ಅವನ ಮನಸ್ಸಿನಲ್ಲಿ ಇರುವುದು ಪ್ರೀತಿಯ ಮಾತೇ ಎಂದು ಅವಳು ನಂಬಿದ್ದಳು.

ಒಂದು ಸಂಗತಿ ಮಾತ್ರ ಅವಳ ಕಿವಿಗೆ ಬಿದ್ದು ಕೊರೆಯುತ್ತಿತ್ತು. ದೊಡ್ಡ ಎಸ್ಟೇಟಿನ ಬಾಲರಾಜ್ ಹೊಸದಾಗಿ ಕಾಫಿ ಹುರಿಯುವ ಕಂಪನಿ ತೆರೆಯುತ್ತಿದ್ದರು. ಅಲ್ಲಿ ರುಚಿ ನೋಡುವ ಕೆಲಸಕ್ಕೆ ಯಶವಂತನನ್ನೇ ಕರೆದಿದ್ದರು. ಬಾಲರಾಜರ ಕಾಫಿಯೂ ಈ ಸ್ಪರ್ಧೆಯಲ್ಲಿತ್ತು.

'ಅದಕ್ಕೂ ಇದಕ್ಕೂ ಏನು ಸಂಬಂಧ? ಕಪ್ಪಿನ ಮೇಲೆ ಹೆಸರೇ ಇಲ್ಲವಲ್ಲ...' ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಕೊನೆಯ ದಿನ ಬೆಳೆಗಾರರೆಲ್ಲ ಸೇರಿದ್ದರು. ಸಾಲು ಸಿದ್ಧವಾಗಿತ್ತು. ಮುಂದಿನ ಕೆಲವು ಕಪ್ಪುಗಳನ್ನು ಎಲ್ಲರೆದುರು ಒಮ್ಮೆ ಪರೀಕ್ಷಿಸಿ ಮುಗಿಸುವುದಷ್ಟೇ ಬಾಕಿ.

"ಪಕ್ಕ ಪಕ್ಕದ ಎರಡು ಕಪ್ಪು ನೋಡ್ತಾ ಹೋಗ್ತಾರೆ," ಎಂದು ಮಾಲವಿಕಾ ವಿವರಿಸಿದಳು. "ಹಿಂದಿನದು ಮೇಲು ಅನ್ನಿಸಿದ್ರೆ ಅದಲುಬದಲು ಮಾಡ್ತೀನಿ. ಸಾಲಿನ ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಂದ. ಒಂದಿಡೀ ಸುತ್ತಿನಲ್ಲಿ ಒಂದೂ ಅದಲುಬದಲು ಆಗ್ಲಿಲ್ಲ ಅಂದ್ರೆ ಮುಗೀತು."

ಮೊದಲ ಸುತ್ತಿನಲ್ಲಿ ಎರಡು ಕಪ್ಪುಗಳು ಜಾಗ ಬದಲಿಸಿದವು. ಆಗಲಿ, ಅಂದುಕೊಂಡಳು. ಹೊಸದಾಗಿ ನೀರು ಸುರಿದು ಮತ್ತೆ ಶುರುಮಾಡಿದರು. ಈ ಸಲ ಬೇರೆ ಎರಡು ಬದಲಾದವು. ಅದರ ಮುಂದಿನ ಸುತ್ತಿನಲ್ಲಿ ಮೊದಲು ಬದಲಾದವೇ ಹಿಂದಿನ ಜಾಗಕ್ಕೆ ಮರಳಿದವು.

ಕೋಣೆಯಲ್ಲಿ ಗುಸುಗುಸು ಎದ್ದಿತು.

"ಇದೆಂತದು ಮಾರಾಯ್ರೆ, ಮುಗಿಯೋದೇ ಇಲ್ವಲ್ಲ," ಎಂದರು ರುದ್ರಪ್ಪ.

ಮಾಲವಿಕಾ ಸಾಲನ್ನು ಮತ್ತೊಮ್ಮೆ ನೋಡಿದಳು. ಈ ಕ್ರಮ ಮುಗಿಯದೇ ಇರುವುದು ಸಾಧ್ಯವಿಲ್ಲ. ಇದಕ್ಕಿಂತ ಅದು ಮೇಲು, ಅದಕ್ಕಿಂತ ಮತ್ತೊಂದು ಮೇಲು ಎಂದಮೇಲೆ, ಇದು ಆ ಮತ್ತೊಂದಕ್ಕಿಂತ ಮೇಲಾಗುವುದು ಹೇಗೆ? ಕೇಳುವ ರೀತಿಯಲ್ಲಿ ತಪ್ಪಿಲ್ಲ. ತಪ್ಪಿರುವುದು ಉತ್ತರದಲ್ಲಿ.

ಅವಳು ಯಶವಂತನ ಮುಖ ನೋಡಿದಳು. ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಅವನ ಹಿಂದೆ, ಗೋಡೆಗೆ ಒರಗಿ, ಬಾಲರಾಜ್ ಕೈಕಟ್ಟಿ ನಿಂತಿದ್ದರು.

'ಕಾಫಿಯ ಬಣ್ಣ ನೋಡಿಯೇ ಯಾರದ್ದೆಂದು ಗುರುತು ಹಿಡಿದಿದ್ದಾನೆ. ಸತ್ಯ ಹೇಳಲೋ, ಕೆಲಸ ಕೊಡುವವರನ್ನು ಗೆಲ್ಲಿಸಲೋ ಎಂದು ತೂಗಾಡುತ್ತಿದ್ದಾನೆ...'

"ಯಶವಂತ್." ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು. "ನೀವು ರುಚಿ ನೋಡಿ ಹೇಳ್ತಾ ಇಲ್ಲ. ಯಾರನ್ನೋ ನೋಡ್ಕೊಂಡು ಹೇಳ್ತಾ ಇದೀರಿ."



ಅವನು ಚಮಚವನ್ನು ನೀರಿನ ಲೋಟದಲ್ಲಿ ಇಳಿಬಿಟ್ಟು, ಟವೆಲ್ಲಿನಲ್ಲಿ ಕೈ ಒರೆಸಿಕೊಂಡು, ಬೆಳೆಗಾರರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದ.

ಒಂದು ಮಾತು ಎದುರಾಡಿದ್ದರೂ ಅವಳು ಅಷ್ಟು ಕುಗ್ಗುತ್ತಿರಲಿಲ್ಲ. ಸ್ಪರ್ಧೆಯನ್ನು ಮುಂದೂಡಿದರು. ಮಾಲವಿಕಾ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅಳುತ್ತ ಮೂಡಿಗೆರೆ ಸೇರಿದಳು.

ಮರುದಿನ ಭಾನುವಾರ. ಮಧ್ಯಾಹ್ನದ ಹೊತ್ತಿಗೆ ಅವಳು ಗೋಣಿಬೀಡಿನಲ್ಲಿ ಬಸ್ಸಿಳಿದಳು.  ಜಗಳವಾಡಲಿಕ್ಕೋ... ಅಥವಾ, ನೀವು ಹಾಗಲ್ಲ ಎಂದು ಹೇಳಿ ಎಂದು ಬೇಡಿಕೊಳ್ಳಲಿಕ್ಕೋ...

ಅಂಗಳಕ್ಕೆ ಕಾಲಿಡುವ ಮೊದಲೇ ಹಾಲು ಸೀದ ವಾಸನೆ ಮೂಗಿಗೆ ಬಡಿಯಿತು. ಒಗೆದ ಬಟ್ಟೆಗೂ ಅಂಟುವ, ಬೀದಿಯಲ್ಲಿ ಹೋಗುವವರೂ 'ಯಾರ ಮನೆಯದಪ್ಪ' ಎಂದು ತಿರುಗಿ ನೋಡುವ ಕಟುವಾಸನೆ. ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ, ಒಲೆಗೆ ಬೆನ್ನು ಹಾಕಿ, ತೋಟದ ಕಡೆ ನೋಡುತ್ತ ಯಶವಂತ ಕುಳಿತಿದ್ದ.

"ಯಶವಂತ್, ಹಾಲು..."

ಅವನು ಬೆಚ್ಚಿ ತಿರುಗಿದ. ಅವಳು ಓಡಿ ಗ್ಯಾಸ್ ಆರಿಸಿದಳು. ಪಾತ್ರೆಯ ತಳ ಕಪ್ಪಾಗಿ ಹೊಗೆಯಾಡುತ್ತಿತ್ತು.

"ಅಮ್ಮ ಪಕ್ಕದ ಮನೆಗೆ ಹೋಗುವಾಗ ನೋಡ್ಕೊ ಅಂದಿದ್ರು." ಅವನು ಎದ್ದು ನಿಂತ. "ನಾನು ಈಚೆ ತಿರುಗಿ ಕೂತಿದ್ದೆ. ನೋಡ್ಲಿಲ್ಲ."

"ನೋಡೋದೇ ಬೇಕಾ? ಬಸ್ ಸ್ಟಾಪಿನ ತನಕ ವಾಸನೆ..."

ಅವಳ ಮಾತು ಅಲ್ಲೇ ನಿಂತಿತು.

ಅವನು ಅವಳ ಕಣ್ಣು ತಪ್ಪಿಸಿ ಆ ಪಾತ್ರೆಯನ್ನು ನೋಡುತ್ತಿದ್ದ. ಸಿಕ್ಕಿಬಿದ್ದವನ ಮುಖವಲ್ಲ ಅದು, ದಣಿದವನ ಮುಖ.

"ಯಾವಾಗಿಂದ?" ಎಂದಳು ಪಿಸುದನಿಯಲ್ಲಿ.

"ಹೋದ ಮಳೆಗಾಲದಲ್ಲಿ ಒಂದು ಜ್ವರ ಬಂತು. ಜ್ವರ ಬಿಡ್ತು. ಮೂಗು ವಾಪಸ್ ಬರ್ಲಿಲ್ಲ." ಅವನು ಮತ್ತೆ ಮೆಟ್ಟಿಲ ಮೇಲೆ ಕುಳಿತ. "ಮಂಗಳೂರಿಗೂ ಹೋಗಿ ತೋರಿಸ್ದೆ. ಬಂದ್ರೂ ಬರಬಹುದು, ಇಲ್ದಿದ್ರೆ ಇಲ್ಲ ಅಂದ್ರು. ಹುಳಿ, ಕಹಿ, ಸಿಹಿ ಗೊತ್ತಾಗ್ತದೆ. ಅದು ನಾಲಿಗೆದು. ಹಾಗಾಗಿ ಕೆಟ್ಟ ಕಾಫಿ, ಸಾಧಾರಣ ಕಾಫಿ ಬೇರೆ ಮಾಡೋಕೆ ಬರ್ತದೆ. ಆದ್ರೆ ಒಳ್ಳೆದು ಒಳ್ಳೆದರ ಪಕ್ಕ ನಿಂತಾಗ... ಅಲ್ಲಿ ಬೇಕಾಗೋದು ಮೂಗು. ಅಲ್ಲಿ ನಾನು ಕುರುಡ."

ಅದಕ್ಕೇ ಮೊದಲ ದಿನಗಳಲ್ಲಿ ಸಾಲು ಸಲೀಸಾಗಿ ಕೂಡಿಕೊಂಡಿತ್ತು. ಅದಕ್ಕೇ ಕೊನೆಯಲ್ಲಿ ನಿಲ್ಲದಾಯಿತು. ಬಾಲರಾಜರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಎಲ್ಲರ ಮುಂದೆ ತಾನಾಡಿದ ಮಾತು ಮಾಲವಿಕಾಳನ್ನು ಚುಚ್ಚಿತು. ಅದರ ಬೆನ್ನಿಗೇ ಇನ್ನೊಂದು ನೋವು ಬಂತು. ಕೇಳಬಾರದೆಂದುಕೊಂಡರೂ ಕೇಳಿಬಿಟ್ಟಳು.

"ಮೊದಲ ದಿನ... ನನ್ನ ಹೂವು... ಅದರ ವಾಸನೆ ನಿಮಗೆ ಬಂದಿರ್ಲೇ ಇಲ್ಲ, ಅಲ್ವ?"

"ಇಲ್ಲ."

ಅವಳು ಇಷ್ಟು ದಿನ ಎದೆಯಲ್ಲಿಟ್ಟುಕೊಂಡು ಓಡಾಡಿದ್ದ ಮಾತು ಅದು. ಅದು ಪ್ರೀತಿಯಾಗಿರಲಿಲ್ಲ. ಅವಳು ಕಣ್ಣೀರು ನುಂಗಿಕೊಂಡಳು, ಏಕೆಂದರೆ ಎದುರಿಗಿದ್ದವನು ಕಳೆದುಕೊಂಡಿದ್ದು ಇನ್ನೂ ದೊಡ್ಡದು.

"ಯಾರಿಗೂ ಯಾಕೆ ಹೇಳ್ಲಿಲ್ಲ?"

"ಹೇಳಿದ ಮೇಲೆ ನಾನು ಯಾರು? ಈ ಊರಲ್ಲಿ ನನ್ನನ್ನ ಗುರುತಿಸೋದೇ ಮೂಗಿನಿಂದ." ಅವನು ಕೈಗಳನ್ನು ನೋಡಿಕೊಂಡ. "ನೀವು ಅಂದದ್ದರಲ್ಲಿ ತಪ್ಪಿಲ್ಲ. ಬಾಲರಾಜರಿಗಾಗಿ ಸುಳ್ಳು ಹೇಳ್ಲಿಲ್ಲ, ಅಷ್ಟೇ. ಸುಳ್ಳಂತೂ ಹೌದು. ರುದ್ರಪ್ಪನಂಥವ್ರ ಒಂದು ವರ್ಷದ ದುಡಿಮೆಯನ್ನ ನಾನು ಕಣ್ಣು ಮುಚ್ಚಿ ಎಡ, ಬಲ ಅಂತ ಹೇಳ್ಬಿಟ್ಟೆ. ನಿನ್ನೆ ರಾತ್ರಿಯಿಂದ ಅದೊಂದೇ ಯೋಚ್ನೆ."

"ಹಾಗಾದ್ರೆ ಅವ್ರಿಗೇ ಹೇಳಿ. ನಾನು ಹೇಳಲ್ಲ. ನೀವೇ ಹೇಳ್ಬೇಕು."

ಅವನು ಎದ್ದು ಸೀದ ಪಾತ್ರೆಗೆ ನೀರು ಹಾಕಿದ. "ನೀವು ಅಲ್ಲಿ ಇರ್ತೀರಾ?"

"ಇರ್ತೀನಿ."

ಬೆಳೆಗಾರರು ಮತ್ತೆ ಸೇರಿದ ದಿನ ಸಂಘದ ಕೋಣೆಯಲ್ಲಿ ಅವನು ಕುಳಿತು ಮಾತಾಡಲಿಲ್ಲ, ನಿಂತೇ ಹೇಳಿದ. ಸುತ್ತಿ ಬಳಸಿ ಹೇಳಲಿಲ್ಲ. ನನಗೆ ವಾಸನೆ ಗೊತ್ತಾಗುವುದಿಲ್ಲ, ಗೊತ್ತಾದವನಂತೆ ನಟಿಸಿದೆ, ನಿಮ್ಮೆಲ್ಲರ ಕ್ಷಮೆ ಕೇಳುತ್ತೇನೆ ಎಂದ. ಯಾರೋ ಬೈದರು. ಬಾಲರಾಜ್ ಜೀಪಿನ ಕೀಲಿ ತೆಗೆದುಕೊಂಡು ಹೊರಟುಹೋದರು. ಗಿರಿಜಾಂಬಾ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಗ ಮಾಲವಿಕಾ ಎದ್ದು ನಿಂತಳು.

"ನಾನೂ ಒಂದು ಮಾತು ಹೇಳ್ಬೇಕು. ಉತ್ತರ ತಪ್ಪು ಅಂತ ನನ್ನ ಕ್ರಮಕ್ಕೆ ಗೊತ್ತಾಯ್ತು. ಯಾಕೆ ತಪ್ಪು ಅನ್ನೋದು ಅದಕ್ಕೆ ಗೊತ್ತಾಗಲ್ಲ. ಆ ಯಾಕೆ ಅನ್ನೋದನ್ನ ನಾನು ನನ್ನ ಮನಸ್ಸಿನಿಂದ ತುಂಬಿಸ್ಕೊಂಡೆ. ಇವ್ರು ಯಾರ ಪರವಾಗೂ ಹೇಳ್ಲಿಲ್ಲ. ಎಲ್ಲರ ಮುಂದೆ ಆಡಿದ್ದು, ಎಲ್ಲರ ಮುಂದೇ ವಾಪಸ್ ತಗೊಳ್ತೀನಿ."

"ಸರಿ, ಈಗ ಸಾಲು?" ಎಂದರು ರುದ್ರಪ್ಪ. ಅವರ ದನಿಯಲ್ಲಿ ಸಿಟ್ಟು ಅರ್ಧ ಇಳಿದಿತ್ತು.

"ಕೇಳೋ ರೀತಿ ಅದೇ ಇರ್ಲಿ. ಉತ್ತರ ಹೇಳೋರು ಒಬ್ಬರ ಬದಲು ಮೂವರು. ಇಬ್ಬರು ಯಾವುದನ್ನ ಹೇಳ್ತಾರೋ ಅದು ಮುಂದೆ. ಸ್ಪರ್ಧೆಗೆ ಕಾಫಿ ಕೊಡದವ್ರು ಯಾರಾದ್ರೂ ಬನ್ನಿ."

ಕಪ್ಪುಗಳ ಗುರುತಿನ ಚೀಟಿಗಳನ್ನು ಮಾಲವಿಕಾಳಿಂದ ಹೊಸದಾಗಿ ಬರೆಸಿ, ಯಾವುದು ಯಾರದ್ದೆಂದು ತಮಗೂ ತಿಳಿಯದಂತೆ ಮಾಡಿಕೊಂಡು ಗಿರಿಜಾಂಬಾ ಬಂದರು. ಇನ್ನಿಬ್ಬರನ್ನು ಅವರೇ ಕರೆದರು. ಏನನ್ನು ಗಮನಿಸಬೇಕು, ಕೆನೆ ಒಡೆದ ಕೂಡಲೇ ಏನು ಹುಡುಕಬೇಕು, ಕಾಫಿ ಆರುತ್ತ ಬಂದಾಗ ಏನು ಉಳಿಯಬೇಕು... ಎಂದು ಹಿಂದೆ ನಿಂತು ಹೇಳಿಕೊಟ್ಟವನು ಯಶವಂತ. ತನಗಿನ್ನು ಸಿಗದ ಪರಿಮಳಗಳನ್ನು ಒಂದೊಂದಾಗಿ ಹೆಸರಿಸುವಾಗ ಅವನ ದನಿ ಎರಡು ಸಲ ತಡೆಯಿತು. ಕೊನೆಯ ಸುತ್ತಿನಲ್ಲಿ ಒಂದು ಕಪ್ಪೂ ಅಲುಗಲಿಲ್ಲ. ಗಿರಿಜಾಂಬಾ ಗುರುತಿನ ಚೀಟಿ ತಿರುಗಿಸಿದರು.

ಮೊದಲು ಬಂದದ್ದು ಬಾಲರಾಜರ ಕಾಫಿಯೇ. ನ್ಯಾಯವಾಗಿಯೇ ಗೆದ್ದಿತ್ತು. ರುದ್ರಪ್ಪನವರದು ಸ್ವಲ್ಪವೇ ಹಿಂದೆ ನಿಂತಿತು. ಯಾರೂ ಜಗಳವಾಡಲಿಲ್ಲ. ಯಶವಂತನಿಗೆ ಬರಬೇಕಿದ್ದ ಕೆಲಸ ಮಾತ್ರ ಬರಲಿಲ್ಲ.

ಆಮೇಲೆ ಅವನು ಅವಳ ಫೋನ್ ಎತ್ತಲಿಲ್ಲ.

ಮಾರ್ಚಿನಲ್ಲಿ ಒಂದು ಸಂಜೆ ಹದವಾದ ಮಳೆ ಬಿತ್ತು. ಅದಾಗಿ ಸ್ವಲ್ಪ ದಿನಕ್ಕೆ ಗುಡ್ಡಗಳೆಲ್ಲ ಬೆಳ್ಳಗಾದವು. ಕಾಫಿ ಹೂವು. ಗೋಣಿಬೀಡಿನ ಆ ಸಣ್ಣ ತೋಟದಲ್ಲಿ, ಗಿಡಗಳ ನಡುವೆ ಯಶವಂತ ನಿಂತಿದ್ದ. ಬಾಗಿಲು ತೆರೆದ ಅವನ ತಾಯಿ ಸುಶೀಲಾ ಏನೂ ಕೇಳದೆ ಮಾಲವಿಕಾಳಿಗೆ ತೋಟದ ದಾರಿ ತೋರಿಸಿದ್ದರು.

"ಫೋನ್ ಯಾಕೆ ಎತ್ತಲ್ಲ?" ಎಂದಳು ಮಾಲವಿಕಾ.

"ಎತ್ತಿ ಏನು ಹೇಳ್ಲಿ?"

"ನನ್ನ ಮೇಲೆ ಕೋಪ ಇದ್ರೆ ಕೋಪ ಅಂತ ಹೇಳಿ. ಏನೂ ಇಲ್ಲ ಅಂದ್ರೆ ಏನೂ ಇಲ್ಲ ಅಂತಾದ್ರೂ ಹೇಳಿ. ನಾನು ತಪ್ಪು ತಿಳ್ಕೊಂಡಿದ್ದೆ ಅಂತ ವಾಪಸ್ ಹೋಗ್ತೀನಿ."

ಅವನು ಒಂದು ರೆಂಬೆಯನ್ನು ಹಿಡಿದುಕೊಂಡ. 

"ಆ ಕೋಣೇಲಿ ನೀವು ಎರಡರಲ್ಲಿ ಯಾವುದು ಅಂತ ಕೇಳಿದಾಗೆಲ್ಲ, ಗೊತ್ತಿಲ್ಲ ಅನ್ನೋ ಮಾತು ಬಾಯಿಗೆ ಬರ್ತಿತ್ತು. ಹಾಗಂದ್ರೆ ಕೆಲಸ ಅಲ್ಲಿಗೇ ನಿಲ್ತದೆ. ನಾಳೆಯಿಂದ ನೀವು ಬರಲ್ಲ. ಅದೊಂದು ಹೆದ್ರಿಕೆಗೆ ಎಡ, ಬಲ ಅಂತ ಹೇಳ್ತಾ ಹೋದೆ." ಅವನು ಉಸಿರೆಳೆದುಕೊಂಡ. "ಮರ್ಯಾದೆಗೆ ಅಂತ ಮುಚ್ಚಿಟ್ಟಿದ್ದು ನಿಜ. ಆದ್ರೆ ಕೊನೆ ಕೊನೆಗೆ ಸುಳ್ಳು ಹೇಳಿದ್ದು ನಿಮಗಾಗಿ."

ಮಾಲವಿಕಾಳಿಗೆ ಇದಿರು ನಿಂತ ಗಿಡಗಳೆಲ್ಲ ಮಸುಕಾದವು.

"ಇಷ್ಟು ದಿನ ಇದನ್ನ ಇಟ್ಕೊಂಡು ಏನ್ಮಾಡ್ತಿದ್ರಿ?"

"ಹೇಳೋಕೆ ಯೋಗ್ಯತೆ ಬೇಕಲ್ಲ. ಹೆಸರು ಹೋಯ್ತು, ಬರೋ ಕೆಲಸ ಹೋಯ್ತು. ಇರೋದು ಇಷ್ಟು ತೋಟ. ಹಾಲು ಸೀದ್ರೆ ಗೊತ್ತಾಗಲ್ಲ, ಗ್ಯಾಸ್ ಸೋರಿದ್ರೂ ಗೊತ್ತಾಗಲ್ಲ. ಕಳಸದಲ್ಲಿ ನಿಮಗೆ ಗಂಡು ನೋಡ್ತಿದಾರಂತೆ, ಗಿರಿಜಮ್ಮ ಹೇಳಿದ್ರು. ಲೆಕ್ಕದ ಬುದ್ಧಿ ಇರೋರು ನೀವು. ಒಬ್ಬೊಬ್ಬರನ್ನೇ ನನ್ನ ಪಕ್ಕ ನಿಲ್ಸಿ, ಹೋಲಿಸಿ ನೋಡಿ. ನಾನು ಸಾಲಿನ ಕೊನೆಗೆ ಹೋಗ್ತೀನಿ."

"ಹೋಲಿಸೋಕೆ ಎರಡು ಬೇಕು ಯಶವಂತ್," ಎಂದಳು ಅವಳು. "ನನ್ನ ಹತ್ರ ಇರೋದು ಒಂದೇ."

ಅವನು ಅವಳನ್ನೇ ನೋಡಿದ.

"ಒಂದೇ ಇದ್ರೆ... ನಿಮ್ಮ ಕ್ರಮದಲ್ಲಿ ಎಂತ ಮಾಡ್ತಾರೆ?"

"ಏನೂ ಮಾಡಲ್ಲ. ಒಂದೇ ಇದ್ದಾಗ ಅದು ಆಗ್ಲೇ ಅದರ ಜಾಗದಲ್ಲಿದೆ ಅಂತ ಬಿಟ್ಟುಬಿಡ್ತಾರೆ."

ಅವನ ಕೈಯಿಂದ ರೆಂಬೆ ಜಾರಿತು. ಬಿಳಿ ಎಸಳುಗಳು ಇಬ್ಬರ ಕಾಲ ಬಳಿ ಉದುರಿದವು. ಅವನು ಮುಂದೆ ಬಂದು, ಕೇಳಿಯೇ ಹಿಡಿಯಬೇಕೇನೋ ಎಂಬ ಅಳುಕಿನಲ್ಲಿ, ಅವಳ ಕೈ ಹಿಡಿದ.  

ಆಮೇಲೆ ಅವನು ತೋಟದ ಉದ್ದಕ್ಕೂ ಕಣ್ಣು ಹಾಯಿಸಿದ.

"ಬೆಳ್ಳಗೆ ಕಾಣ್ತದೆ, ಅಷ್ಟೇ. ಬೆಳಿಗ್ಗೆಯಿಂದ ನಿಂತಿದೀನಿ. ಏನೂ ಬರ್ತಿಲ್ಲ." ಅವನು ಅವಳ ಕಡೆ ತಿರುಗಿದ. "ಹೇಗಿದೆ ಮಾಲವಿಕಾ? ನಂಗೆ ಹೇಳು."

ಅವಳು ಅವನ ಹೆಗಲಿಗೆ ತಲೆಯಾನಿಸಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಂಡಳು.

"ಹೇಳ್ತೀನಿ. ಆದ್ರೆ ಒಂದೇ ದಿನದಲ್ಲಿ ಮುಗಿಯಲ್ಲ."

"ಮುಗಿಸ್ಬೇಡ," ಎಂದ ಅವನು.